ಸ್ನಾನದ ಮನೆ ಬಾಗಿಲ ಪಕ್ಕದ ತೂಕದ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಸಾವಿರದ ಇನ್ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದ ಗಾಜಿನ ಡಿಜಿಟಲ್ ತೂಕದ ಯಂತ್ರ ಇದು. ಮನೆಗೆ ಬಂದು ಮೂರು ವರ್ಷ ಎರಡು ತಿಂಗಳಾಯಿತು. ತಂದ ವಾರದಲ್ಲೇ ಬರೆಯುವ ವಿಮರ್ಶೆಯಿಂದ ಇಂಥ ವಸ್ತುವಿನ ಗುಣ ಗೊತ್ತಾಗುವುದಿಲ್ಲ ಅಂತ ಇಷ್ಟು ದಿನ ತಡೆದೆ.

ನನಗೀಗ 50. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಹದಿನಾರು ವರ್ಷದಿಂದ ದಿನಾ ಟ್ರೈನಿನಲ್ಲಿ ಓಡಾಟ, ಆಫೀಸಿನಲ್ಲಿ ಕುರ್ಚಿ. ಮೊದಲ ದಿನ ಹತ್ತಿ ನಿಂತಾಗ 91.4 ತೋರಿಸಿತು. ನನ್ನ ಎತ್ತರ 169 ಸೆಂ.ಮೀ., ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ 32. ನಮ್ಮ ದೇಶದವರಿಗೆ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಅನ್ನುವ ಲೆಕ್ಕ. ಅದೇ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟ, 6.3 ಬಂದಿತ್ತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅದೇ ಕಾಯಿಲೆಗೆ ಅಪ್ಪನ ಕಾಲಿನ ಎರಡು ಬೆರಳು ತೆಗೆದದ್ದನ್ನು ಆಸ್ಪತ್ರೆಯಲ್ಲಿ ಜೊತೆಗಿದ್ದು ನೋಡಿದವನು ನಾನು.

ಅಲ್ಲಿಯವರೆಗೆ ನನ್ನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಟ್ರೈನು, ಆಫೀಸು, ಮನೆಯ ಅಡುಗೆ, ಎಲ್ಲಕ್ಕಿಂತ ಹೆಚ್ಚಾಗಿ ವಯಸ್ಸು. ನಲವತ್ತು ದಾಟಿದರೆ ಮೈ ಜಡವಾಗುತ್ತೆ, ಏನು ಮಾಡಿದರೂ ಕರಗಲ್ಲ ಅಂತ ನಂಬಿದ್ದೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 6,400ಕ್ಕೂ ಹೆಚ್ಚು ಜನರನ್ನು ಅಳೆದ ಅಧ್ಯಯನ ಪ್ರಕಟವಾಯಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತಗೊಂಡರೆ 20ರಿಂದ 60ರವರೆಗೆ ಮೈ ಶಕ್ತಿ ಸುಡುವ ವೇಗ ಹೆಚ್ಚುಕಡಿಮೆ ಒಂದೇ ಅನ್ನುವುದು ಅದರಲ್ಲಿದೆ. ಓದಿದ ಮೇಲೆ ವಯಸ್ಸಿನ ಮೇಲೆ ಹೊರೆ ಹಾಕುವ ಧೈರ್ಯ ಬರಲಿಲ್ಲ. ಅಡುಗೆಯ ಮಾತೆತ್ತಿದ್ದಕ್ಕೆ ಹೆಂಡತಿ, "ಇಬ್ಬರಿಗೂ ಒಂದೇ ಪಾತ್ರೇಲಿ ತೊಳಸಿದ್ದು ಕಣ್ರೀ. ಎರಡನೇ ಮುದ್ದೆ ಕೇಳಿ ಹಾಕಿಸ್ಕೊಂಡೋರು ನೀವು" ಅಂದಳು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುವ ನಮ್ಮ ಕಡೆಯ ಮಾತು ಸುಳ್ಳಲ್ಲ. ನಮ್ಮ ತಾತ ಎರಡು ಮುದ್ದೆ ಉಂಡು ಕಬ್ಬಿನ ಗದ್ದೆಗೆ ಇಳಿಯುತ್ತಿದ್ದರು. ಅಷ್ಟನ್ನೇ ಉಂಡು ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಯಂತ್ರದ ವಿಷಯಕ್ಕೆ ಬರುತ್ತೇನೆ. ನಾಲ್ಕು ಮೂಲೆಯ ಕಾಲುಗಳಲ್ಲಿ ಭಾರ ಅಳೆಯುವ ಸೆನ್ಸರುಗಳಿರುವುದರಿಂದ ನಾಲ್ಕೂ ಗಟ್ಟಿ ನೆಲದ ಮೇಲೆ ಸಮನಾಗಿ ಕೂರಬೇಕು. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ನಡುಮನೆಯಲ್ಲಿ ಒಂದು ತೂಕ, ಸ್ನಾನದ ಮನೆ ಬಾಗಿಲಲ್ಲಿ 700 ಗ್ರಾಂ ವ್ಯತ್ಯಾಸ. ಒಂದು ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯದೆ ಅಲ್ಲೇ ನಿಲ್ಲುವುದು ರೂಢಿಯಾಯಿತು. ಇದರ ಜೊತೆ ಬಂದ ಆ್ಯಪ್ ಎರಡು ತಿಂಗಳಿಗೇ ಸಾಕಾಯಿತು. ನಲವತ್ತು ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ ಪೆನ್ನು ತೂಗುಹಾಕಿದ್ದೇನೆ, ಅದು ಇವತ್ತಿಗೂ ನಡೆಯುತ್ತಿದೆ.

ಮೊದಲ ಪಾಠ ಕಲಿಸಿದ್ದು ಮದ್ದೂರು ಕಡೆಯ ಒಂದು ಬೀಗರೂಟ. ಮಾರನೇ ದಿನ 1.8 ಕೆ.ಜಿ. ಏರಿತ್ತು, ಎದೆ ಧಸಕ್ಕೆಂದಿತು. ಕೂತು ಲೆಕ್ಕ ಹಾಕಿದೆ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. 1.8 ಕೆ.ಜಿ. ಕೊಬ್ಬು ಒಂದೇ ದಿನಕ್ಕೆ ಸೇರಬೇಕಾದರೆ 14,000 ಕ್ಯಾಲರಿಯಷ್ಟು ಹೆಚ್ಚಿಗೆ ತಿಂದಿರಬೇಕು, ಎಷ್ಟು ಬಡಿಸಿದರೂ ಅದು ಆಗದ ಮಾತು. ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿನ್ನೂ ಇದ್ದ ಊಟ. ಮೂರು ದಿನದಲ್ಲಿ ಇಳಿಯಿತು. ಅಂದಿನಿಂದ ಒಂದು ದಿನದ ಅಂಕಿ ನೋಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಭಾನುವಾರ ಏಳು ದಿನದ ಸರಾಸರಿ ಬರೆಯುತ್ತೇನೆ.

ಎಂಟು ತಿಂಗಳಿಗೆ 84ಕ್ಕೆ ಬಂದೆ, ಅಲ್ಲೇ ನಾಲ್ಕು ತಿಂಗಳು ನಿಂತೆ. ಸರ್ ಎಂ.ವಿ. ಕ್ರೀಡಾಂಗಣದಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಮುಕ್ಕಾಲು ಗಂಟೆ ನಡೆದರೂ ಅಂಕಿ ಅಲುಗಲಿಲ್ಲ. ಯಂತ್ರ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಹೊಸದಕ್ಕೆ ಆರ್ಡರ್ ಹಾಕುವುದರಲ್ಲಿದ್ದೆ. ಅವತ್ತೇ ಅಕ್ಕಿ ಮೂಟೆ ಬಂತು. 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 2022ರಲ್ಲಿ ಜಿಎಸ್‌ಟಿ ಬಿದ್ದ ಮೇಲೆ ನಮ್ಮ ಅಂಗಡಿಯಲ್ಲಿ 26 ಕೆ.ಜಿ. ಮೂಟೆಯೇ ಸಿಗುವುದು. ಹೊಲಿಗೆ ಬಿಚ್ಚದೆ ಹಾಗೇ ಯಂತ್ರದ ಮೇಲೆ ನಿಲ್ಲಿಸಿದೆ. 26.1. ಇಳಿಸಿ ಮತ್ತೆ ಇಟ್ಟೆ. 26.1. ಚೀಲದ ತೂಕವನ್ನೂ ಸೇರಿಸಿಯೇ ಹೇಳುತ್ತಿತ್ತು. ಬಾಗಿಲಿಗೆ ಒರಗಿ ನೆಲದ ಮೇಲೆ ಸ್ವಲ್ಪ ಹೊತ್ತು ಕೂತೆ. ತಪ್ಪು ಯಾರದ್ದು ಅಂತ ಹುಡುಕಲು ಬೇರೆ ಯಾರೂ ಉಳಿದಿರಲಿಲ್ಲ.

ಆ ವಾರ ಬಾಯಿಗೆ ಹೋದದ್ದನ್ನೆಲ್ಲ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಒಟ್ಟು 40 ಗ್ರಾಮಿನ ಹತ್ತಿರ. ಟ್ರೈನಿನಲ್ಲಿ ವಡೆ, ವಾರದಲ್ಲಿ ನಾಲ್ಕು ದಿನ. ಇವು ಯಾವುವೂ ನನ್ನ ಲೆಕ್ಕದಲ್ಲೇ ಇರಲಿಲ್ಲ. ಕಾಫಿ ಎರಡಕ್ಕಿಳಿಯಿತು, ಸಕ್ಕರೆ ನಿಂತಿತು, ವಡೆ ತಿಂಗಳಿಗೊಮ್ಮೆ. ಆರನೇ ವಾರದಲ್ಲಿ ಸರಾಸರಿ ಇಳಿಯತೊಡಗಿತು.

ದೂರುಗಳೂ ಇವೆ. ದೇಹದ ಕೊಬ್ಬಿನ ಶೇಕಡಾವಾರು ತೋರಿಸುತ್ತೆ ಅನ್ನುವುದಕ್ಕೇ ಹೆಚ್ಚು ದುಡ್ಡು ಕೊಟ್ಟಿದ್ದೆ, ಅದನ್ನು ನೆಚ್ಚಬೇಡಿ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತದೆ. ಮೈಯಲ್ಲಿನ ನೀರು ಹೆಚ್ಚುಕಡಿಮೆಯಾದರೆ ಅಂಕಿಯೂ ಬದಲು. ನನಗೆ ಬೆಳಿಗ್ಗೆ 31, ಅದೇ ಸಂಜೆ 28. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಸೌಲಭ್ಯ ಇರುವ ಯಂತ್ರ ಹತ್ತಲೇಬಾರದು. ಒದ್ದೆ ಕಾಲಿಗೆ ಗಾಜು ಜಾರುತ್ತದೆ. ಡಿಸ್‌ಪ್ಲೇಯಲ್ಲಿ ಒಂದು ಗೀಟು ಸತ್ತು 8 ಯಾವುದು, 6 ಯಾವುದು ಅಂತ ಗೊಂದಲವಾದಾಗ ವಾರಂಟಿ ಮುಗಿದು ಇಪ್ಪತ್ತು ದಿನವಾಗಿತ್ತು, ಕಂಪನಿಯವರು ಮೂರು ಮೇಲ್‌ಗೂ ಉತ್ತರ ಕೊಡಲಿಲ್ಲ. ಪೇಟೆಯ ರಿಪೇರಿ ಅಂಗಡಿಯವರು ನೂರೈವತ್ತು ರೂಪಾಯಿಗೆ ಸರಿ ಮಾಡಿಕೊಟ್ಟರು.

ಇನ್ನೊಂದು ಕೊರತೆ ಯಾವ ತೂಕದ ಯಂತ್ರಕ್ಕೂ ಇದ್ದದ್ದೇ. ಇಳಿದದ್ದು ಕೊಬ್ಬೋ ಸ್ನಾಯುವೋ ಅದು ಹೇಳುವುದಿಲ್ಲ. ನಮ್ಮ ವಯಸ್ಸಿನಲ್ಲಿ ಸ್ನಾಯು ತಾನಾಗಿಯೇ ಸವೆಯುತ್ತಿರುತ್ತದೆ. ಬರೀ ಊಟ ಕಡಿಮೆ ಮಾಡಿದರೆ ಅದೂ ಜೊತೆಗೇ ಹೋಗುತ್ತದೆ. ಅದಕ್ಕೇ ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ. ಟೈಲರ್ ಟೇಪು ಒಂದು ಮನೆಯಲ್ಲಿರಲಿ. ಗಂಡಸರಿಗೆ ಸೊಂಟ 90 ಸೆಂ.ಮೀ. ಒಳಗಿರಬೇಕು, ಹೆಂಗಸರಿಗೆ 80. ನನ್ನದು 106 ಇದ್ದದ್ದು 94ಕ್ಕೆ ಬಂದಿದೆ. ತೂಕ 79.6, ಎಚ್‌ಬಿಎ1ಸಿ 5.8. ಇನ್ನೂ ದಾರಿ ಇದೆ.

ಅಂಕಿ ನೋಡಿದರೆ ಊಟವೇ ಸೇರದಷ್ಟು ಬೇಸರವಾಗುವವರು ಇದನ್ನು ಕೊಳ್ಳಬೇಡಿ, ಟೇಪೇ ಸಾಕು. ಮಿಕ್ಕವರು ಕೊಬ್ಬು ಅಳೆಯುವ ಸೌಲಭ್ಯವಿಲ್ಲದ ಐನೂರು ರೂಪಾಯಿಯದನ್ನೇ ತಗೊಳ್ಳಿ. ಹೋದ ಯುಗಾದಿಯಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಹೆಂಡತಿಯದೂ ಒಂದು ಪುಟ ಶುರುವಾಗಿದೆ. ಆ ಪುಟ ನಾನು ತಿರುವುವುದಿಲ್ಲ.