ಸಿಇಐಆರ್ ರಿವ್ಯೂ: ತಲಪಾಡಿಯ ಆಚೆಯೋ ಈಚೆಯೋ ಹೋದ ಅಮ್ಮನ ಫೋನು

ಫೋನ್ ಕಳೆದುಹೋದ್ರೆ ಬ್ಲಾಕ್ ಮಾಡ್ಲಿಕ್ಕೆ ಕೇಂದ್ರ ಸರಕಾರದ್ದು ಸಿಇಐಆರ್ ಅಂತ ಒಂದು ಸರ್ವಿಸ್ ಉಂಟಲ್ಲ, ಸಂಚಾರ್ ಸಾಥಿ ಅನ್ನುವ ಸರಕಾರಿ ಪೋರ್ಟಲ್ ಒಳಗೆ ಸಿಗ್ತದೆ, ಅದರ ರಿವ್ಯೂ ಇದು. 5ಕ್ಕೆ 4 ಕೊಡ್ತೇನೆ. ಆ ಒಂದು ಸ್ಟಾರ್ ಎಲ್ಲಿ ಹೋಯ್ತು ಅಂತ ಕೆಳಗೆ ಉಂಟು.

ಅಮ್ಮ ಮಂಗಳೂರು ಆಸ್ಪತ್ರೆಯಿಂದ ಕಾಸರಗೋಡು ಬಸ್ಸಲ್ಲಿ ಬರ್ತಾ ಇದ್ರು. ತೊಕ್ಕೊಟ್ಟಲ್ಲಿ ಚಿಕ್ಕಮ್ಮನ ಹತ್ರ ಮಾತಾಡಿ ಫೋನನ್ನು ಚೀಲದ ಸೈಡಿಗೆ ಹಾಕಿದ್ದು ನೆನಪುಂಟಂತೆ, ಹೊಸಂಗಡಿಯಲ್ಲಿ ನೋಡಿದ್ರೆ ಇಲ್ಲ. ನಡುವಲ್ಲಿ ಬೀರಿ, ಕರ್ನಾಟಕ-ಕೇರಳ ಗಡಿಯ ತಲಪಾಡಿ, ಕುಂಜತ್ತೂರು, ಬಸ್ಸು ಫುಲ್ ರಶ್. ಕದ್ದದ್ದೋ ಬಿದ್ದದ್ದೋ ಗೊತ್ತಿಲ್ಲ, ಅದು ಹೋಗ್ಲಿ, ಯಾವ ರಾಜ್ಯದಲ್ಲಿ ಹೋದದ್ದು ಅಂತಲೇ ಗೊತ್ತಿಲ್ಲ ಮಾರಾಯ್ರೆ.

ನಮ್ಮ ಕಡೆಯ, ಅಂದ್ರೆ ಕೇರಳದ, ಒಂದು ಪೊಲೀಸ್ ಸ್ಟೇಷನಿಗೆ ಅಮ್ಮನನ್ನು ಕರ್ಕೊಂಡು ಹೋದೆ. ತೊಕ್ಕೊಟ್ಟು ಅಂತ ಬಾಯಿಂದ ಬಂದದ್ದೇ ತಡ, ಮೇಜಿನ ಆಚೆ ಕೂತವರು ಪೆನ್ ಕೆಳಗಿಟ್ಟು "ಅದು ಕರ್ನಾಟಕಯಲ್ಲೇ" (ಅದು ಕರ್ನಾಟಕ ಅಲ್ವಾ) ಅಂತ ಮಲಯಾಳದಲ್ಲಿ ಅಂದ್ರು, ಅಲ್ಲಿ ಹೋಗಿ ಪರಾತಿ (ದೂರು) ಕೊಡಿ ಅಂತ. ಅಲ್ಲಿಗೆ ಹೋದ್ರೆ ಅವ್ರು ಹೊಸಂಗಡಿ ನಿಮ್ದಲ್ವಾ ಅಂತಾರೆ, ಅದು ನಂಗೆ ಗೊತ್ತುಂಟು, ಗಡಿಯಲ್ಲಿ ಹುಟ್ಟಿದವರಿಗೆ ಇದೆಲ್ಲ ಹೊಸತಲ್ಲ. ನಾನು ಮೆಲ್ಲ ಹೇಳಿದೆ, ಸಾರ್ ಈಗ ಹೊಸ ಕಾನೂನು ಬಂದಿದೆಯಲ್ಲ, 2024 ಜುಲೈ 1ರಿಂದ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲಿ ಕಳ್ಳತನದಂಥ ಅಪರಾಧ ಎಲ್ಲಿ ನಡೆದ್ರೂ ಯಾವ ಸ್ಟೇಷನಲ್ಲಿ ಬೇಕಾದ್ರೂ ದೂರು ಕೊಡ್ಬಹುದು, ಝೀರೋ ಎಫ್‌ಐಆರ್ ಹಾಕಿ ಆಮೇಲೆ ಅವರಿಗೆ ಕಳಿಸೋದು ಅಂತ. ಅವ್ರು ನನ್ನ ಮುಖ ನೋಡಿ "ವಕೀಲರಾ?" ಅಂತ ಕೇಳಿದ್ರು. ಅಲ್ಲ ಸಾರ್, ಅಡಿಕೆ ತೋಟ.

ಕೊನೆಗೆ ಇನ್ನೊಬ್ಬರು, ವಯಸ್ಸಾದವರು, ಒಳಗಿಂದ ಬಂದು ಅಮ್ಮನನ್ನು ಕೂರಿಸಿ ರಾಜಿ ಮಾಡಿಸಿದ್ರು. "ಚೇಚಿ (ಅಕ್ಕ), ಕದ್ದದ್ದು ಅಂತ ಬರೆದ್ರೆ ಕೇಸು, ಸಾಕ್ಷಿ, ಕೋರ್ಟು. ಕಳೆದುಹೋಯ್ತು ಅಂತ ಬರೀರಿ, ಬ್ಲಾಕ್ ಮಾಡ್ಲಿಕ್ಕೆ ಅದು ಸಾಕು." ಬ್ಲಾಕ್ ಮಾಡ್ಲಿಕ್ಕೆ ಸಾಕು ಅಂದದ್ದು ಹೌದು. ಆದ್ರೆ ನಿಮ್ಗೆ ಕದ್ದದ್ದೇ ಅಂತ ಖಾತ್ರಿ ಇದ್ರೆ ಹಾಗೆ ಬರೀಬೇಡಿ, ಕಳವು ಅಂತಲೇ ಬರೆದು ಎಫ್‌ಐಆರ್ ಕಾಪಿ ಕೇಳಿ, ಅದನ್ನು ಫ್ರೀಯಾಗಿ ಕೊಡ್ಬೇಕು. ಅಮ್ಮನಿಗೆ ಖಾತ್ರಿ ಇರ್ಲಿಲ್ಲ, ನಾವು ಒಪ್ಪಿದ್ವಿ. ಅರ್ಜಿ ಅಮ್ಮ ಕನ್ನಡದಲ್ಲೇ ಬರೆದ್ರು, ಅದಕ್ಕೆ ಯಾರೂ ಎಂತದ್ದೂ ಹೇಳ್ಲಿಲ್ಲ. ಕೇರಳದ 1969ರ ಭಾಷಾ ಕಾಯ್ದೆ ಪ್ರಕಾರ ನಮ್ಮ ಕಡೆಯ ಸರಕಾರಿ ಆಫೀಸಿಗೆ ಕನ್ನಡದಲ್ಲಿ ಬರೀಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು. ರಶೀದಿ ಬಂದದ್ದು ಮಲಯಾಳದಲ್ಲಿ. ಇರ್ಲಿ ಬಿಡಿ, ಸೀಲ್ ಉಂಟಲ್ಲ.

ಆ ಒಂದು ಸ್ಟಾರ್ ಹೋದದ್ದು ಇಲ್ಲೇ. ಪೊಲೀಸ್ ಕಾಗದ ಇಲ್ಲದೆ ಸಿಇಐಆರ್ ಒಂದು ಹೆಜ್ಜೆ ಮುಂದೆ ಹೋಗೂದಿಲ್ಲ. ಸುಮ್ನೆ ಯಾರದ್ದೋ ಫೋನ್ ಯಾರೋ ಬ್ಲಾಕ್ ಮಾಡಬಾರ್ದು ಅಂತ ಇರ್ಬಹುದು, ಒಪ್ತೇನೆ, ಆದ್ರೆ ಮೊಬೈಲಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಬೆಂಚಿನ ಮೇಲೆ ಮೂರು ಗಂಟೆ.

ಇನ್ನು ಸರ್ವಿಸ್ ಬಗ್ಗೆ. ಬೇಕಾಗೂದು ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬ್ರ, 15 ಅಂಕೆ, ಎರಡು ಸಿಮ್ಮಿನ ಫೋನಾದ್ರೆ ಎರಡು ನಂಬ್ರ ಇರ್ತದೆ, ಎರಡೂ ಹಾಕಿ. ಬಾಕ್ಸಲ್ಲಿ, ಬಿಲ್ಲಲ್ಲಿ ಇರ್ತದೆ. ನಮ್ಮ ಬಾಕ್ಸಲ್ಲಿ ಅಮ್ಮ ಹೊಲಿಗೆ ನೂಲು ಹಾಕಿಟ್ಟದ್ದರಿಂದ ಬಚಾವ್. ಬಾಕ್ಸ್ ಬಿಸಾಡಿದವರು ಫೋನಲ್ಲಿದ್ದ ಗೂಗಲ್ ಅಕೌಂಟಿಂದ ಕಳೆದ ಫೋನ್ ಹುಡುಕುವ ಫೈಂಡ್ ಹಬ್ ಓಪನ್ ಮಾಡಿ ನೋಡಿ, ಅಲ್ಲಿ ಕಾಣ್ತದೆ.

ನಾನು ಮಂಗ ಆದದ್ದು ಓಟಿಪಿಯಲ್ಲಿ. ಕಂಪನಿಯಿಂದ ಅದೇ ನಂಬ್ರದ ಡೂಪ್ಲಿಕೇಟ್ ಸಿಮ್ ತಗೊಂಡು ಬಂದು, ಬೇರೆ ಫೋನಿಗೆ ಹಾಕಿ, ಫಾರ್ಮ್ ತುಂಬಿಸಿ, ಓಟಿಪಿಗೆ ಕಾಯ್ತಾ ಕೂತೆ. ಬರ್ಲೇ ಇಲ್ಲ. ಹೊರಗೆ ಹೋಗಿ ರೇಂಜ್ ನೋಡಿದೆ, ಸಿಮ್ ತೆಗ್ದು ಹಾಕಿದೆ, ಕಂಪನಿಗೆ ಬೈದೆ. ಆಮೇಲೆ ಪೋರ್ಟಲ್ ಓದಿದ್ರೆ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ಹೊಸದಾಗಿ ಕೊಟ್ಟ ಸಿಮ್ಮಿಗೆ ಎಸ್ಸೆಮ್ಮೆಸ್ ಆಗೂದು 24 ಗಂಟೆ ಕಳೆದ ಮೇಲೆ. ಸಿಮ್ ಕಳ್ಳರು ಬ್ಯಾಂಕಿನ ಓಟಿಪಿ ಹೊಡಿಯದ ಹಾಗೆ ಮಾಡಿದ್ದು, ಒಳ್ಳೇದೇ. ಹಾಗಾಗಿ ಸಿಮ್ ಮೊದ್ಲು ತಗೊಳ್ಳಿ, ಸ್ಟೇಷನ್ ಆಮೇಲೆ.

ಮರುದಿನ ಎಲ್ಲ ಸರಾಗ. ಫೋನ್ ಎಲ್ಲಿ ಹೋಯ್ತು ಅಂತ ಒಂದು ಕಾಲಂ ಉಂಟು, ತಲಪಾಡಿ ಅಂತ ಹಾಕಿದೆ, ರಾಜ್ಯ ಕೇಳುವಲ್ಲಿ ರಶೀದಿ ಕೊಟ್ಟ ಸ್ಟೇಷನಿನ ರಾಜ್ಯ. ರಶೀದಿ, ಬಿಲ್, ಅಮ್ಮನ ಆಧಾರ್ ಫೋಟೋ ಏರಿಸಿದೆ, ರಿಕ್ವೆಸ್ಟ್ ಐಡಿ ಬಂತು, 24 ಗಂಟೆಯ ಒಳಗೆ ಬ್ಲಾಕ್. ಒಂದು ಪೈಸೆ ಇಲ್ಲ. ಅದರ ನಡುವೆ ಒಂದು ಮೊಬೈಲ್ ಅಂಗಡಿಯವ ಐಎಂಇಐ ಟ್ರ್ಯಾಕ್ ಮಾಡಿ ಕೊಡ್ತೇನೆ, 1500 ಕೊಡಿ ಅಂದಿದ್ದ. ಅದೆಲ್ಲ ಅವನ ಕೈಯಲ್ಲಿ ಇಲ್ಲ, ಕೊಡ್ಬೇಡಿ. ಯಾರಾದ್ರೂ ಆ ಫೋನಿಗೆ ಬೇರೆ ಸಿಮ್ ಹಾಕಿದ್ರೆ ಮಾಹಿತಿ ಹೋಗೂದು ಪೊಲೀಸಿಗೆ.

ಇದೇ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನಲ್ಲೂ ಕಡ್ಡಾಯ ಅಂತ ಹೇಳಿ, ಗಲಾಟೆ ಆಗಿ, 2025 ಡಿಸೆಂಬರಲ್ಲಿ ವಾಪಸ್ ತಗೊಂಡದ್ದು. ನಂಗೂ ಒತ್ತಾಯ ಹಿಡಿಸೂದಿಲ್ಲ. ನಾನು ಮಾಡಿದ್ದು ವೆಬ್‌ಸೈಟಲ್ಲಿ, ಆ್ಯಪ್ ಹಾಕ್ಲೇ ಇಲ್ಲ.

47ನೇ ದಿನ ಸ್ಟೇಷನಿಂದ ಫೋನ್ ಬಂತು, ಚೇಚಿಯ ಮೊಬೈಲ್ ಸಿಕ್ಕಿದೆ ಅಂತ. ಸೆಕೆಂಡ್ ಹ್ಯಾಂಡ್ ಅಂತ ಯಾರಿಂದಲೋ 3000 ಕೊಟ್ಟು ತಗೊಂಡ ಒಬ್ಬ ಹುಡುಗ, ಕಟ್ಟಡ ಕೆಲಸದವ, ಪೊಲೀಸರು ಕರೆದ ಕೂಡ್ಲೇ ತಾನೇ ತಂದುಕೊಟ್ಟಿದ್ದ. ಬಿಲ್ ಇಲ್ಲ, ಪಾಪ, ಮುಖ ಬಿಳಿಚಿಕೊಂಡಿತ್ತು. ಗೊತ್ತಿದ್ದೂ ಕಳವಿನ ಮಾಲು ತಗೊಂಡ್ರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 317ರಲ್ಲಿ 3 ವರ್ಷದವರೆಗೆ ಜೈಲು ಉಂಟು, ಇವನಿಗೆ ಗೊತ್ತಿರ್ಲಿಲ್ಲ ಅಂತ ಬಿಟ್ಟರು, ಆದ್ರೆ 3000 ಹೋಯ್ತಲ್ಲ. ಹಳೇ ಫೋನ್ ತಗೊಳ್ಳುವವರು *#06# ಒತ್ತಿ ನಂಬ್ರ ನೋಡಿ, ಇಂಗ್ಲಿಷಲ್ಲಿ ಕೆವೈಎಂ ಅಂತ ಹಾಕಿ, ಜಾಗ ಬಿಟ್ಟು ಆ ನಂಬ್ರ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಬ್ಲ್ಯಾಕ್‌ಲಿಸ್ಟೆಡ್ ಅಂತ ಬಂದ್ರೆ ಮುಟ್ಲಿಕ್ಕೆ ಹೋಗ್ಬೇಡಿ.

ಮನೆಗೆ ತಂದ ಮೇಲೆ ಅನ್‌ಬ್ಲಾಕ್ ಮಾಡ್ಲಿಕ್ಕೂ ಅದೇ ರಿಕ್ವೆಸ್ಟ್ ಐಡಿ ಬೇಕು, ನಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಸ್ಕ್ರೀನ್ ಒಡೆದಿದೆ, ಫೋಟೋ ಒಂದೂ ಇಲ್ಲ. ಅಮ್ಮ ಫೋನನ್ನು ತಿರುಗಿಸಿ ನೋಡಿದ್ರು, ಮೊದ್ಲು ಕೇಳಿದ್ದು ಕವರ್ ಎಲ್ಲಿ ಅಂತ. ಅದರೊಳಗೆ 50ರ ನೋಟೂ ಕಟೀಲಿನ ಪ್ರಸಾದದ ಹೂವೂ ಇತ್ತಂತೆ.