ಆಟೋ, ನಮ್ಮ ಕಾರು, ರ‍್ಯಾಂಪ್ ವ್ಯಾನ್: ವೀಲ್‌ಚೇರ್ ಮಗುವಿಗೆ ಯಾವುದು?

ನನ್ನ ಮಗಳಿಗೆ ಐದು ವರ್ಷ, ತೂಕ 15 ಕೆ.ಜಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇದೆ. ಕತ್ತು ಸ್ವಲ್ಪ ಹೊತ್ತು ನಿಲ್ಲುತ್ತದೆ, ಸುಸ್ತಾದರೆ ವಾಲುತ್ತದೆ. ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಥೆರಪಿಗೆ ಓಡಾಟ. ಮೂರು ಥರದ ಗಾಡಿಯಲ್ಲೂ ಕರೆದುಕೊಂಡು ಹೋಗಿದ್ದೇನೆ.

ಮೊದಲು ಆಟೋ. ತೊಡೆ ಮೇಲೆ ಅವಳು, ಕಾಲ ಹತ್ತಿರ ಮಡಚಿದ ವೀಲ್‌ಚೇರ್. ಗಟ್ಟಿಯಾಗಿ ತಬ್ಬಿಕೊಂಡರೆ ಸಾಕು ಅಂದುಕೊಂಡಿದ್ದೆ. ವಾಹನದಲ್ಲಿ ಬಳಸುವ ವೀಲ್‌ಚೇರ್‌ಗಳನ್ನು ಗಂಟೆಗೆ 48 ಕಿ.ಮೀ. ವೇಗದ ಅಪಘಾತಕ್ಕೆ, ಸುಮಾರು 20 ಜಿ (ಗುರುತ್ವದ 20 ಪಟ್ಟು) ಹೊಡೆತಕ್ಕೆ ಒಡ್ಡಿ ಪರೀಕ್ಷಿಸುತ್ತಾರೆ. ಅಂಥ ಹೊಡೆತದಲ್ಲಿ ನನ್ನ ಮಗಳನ್ನು ತಡೆಯುವುದೆಂದರೆ 300 ಕೆ.ಜಿ. ಭಾರ ತಡೆದ ಹಾಗೆ. ನನ್ನ ಕೈಯಲ್ಲಿ ಆಗುವುದಿಲ್ಲ. ಆಟೋ ಅಲ್ಲಿಗೇ ಬಿಟ್ಟೆ.

ಆಮೇಲೆ ನಮ್ಮ ಕಾರು. ಹಿಂದಿನ ಸೀಟಿನಲ್ಲಿ ಮಕ್ಕಳ ಕಾರ್ ಸೀಟ್, ಭುಜ, ಸೊಂಟ, ಕಾಲ ಸಂದು ಸೇರಿ ಐದು ಕಡೆ ಹಿಡಿಯುವ ಬೆಲ್ಟ್. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿದರೆ ಕತ್ತೂ ಮುಂದೆ ಬೀಳುವುದಿಲ್ಲ. ವೀಲ್‌ಚೇರ್ ಡಿಕ್ಕಿಗೆ ಹೋಗುತ್ತದೆ. (ಬಾಡಿಗೆ ಟ್ಯಾಕ್ಸಿಯಲ್ಲಿ ಎಷ್ಟೋ ಸಲ ಅಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ, ಬುಕ್ ಮಾಡುವಾಗಲೇ ಕೇಳಿ.) ಕಷ್ಟ ಇರುವುದು ಎತ್ತುವುದರಲ್ಲಿ. ಬಗ್ಗಿ, ತಿರುಗಿ, ಬಾಗಿಲೊಳಗೆ ಅವಳನ್ನು ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಜೊತೆಗೆ ನಮ್ಮ ಸೀಟಿನ ಈ ಬೆಲ್ಟ್ 18 ಕೆ.ಜಿ. ತನಕ ಮಾತ್ರ.

ರ‍್ಯಾಂಪ್ ವ್ಯಾನಿನಲ್ಲಿ ಎತ್ತುವ ಕೆಲಸವೇ ಇಲ್ಲ, ಕುರ್ಚಿ ಸಮೇತ ತಳ್ಳಿಕೊಂಡು ಒಳಗೆ. ಆದರೆ ಮೊದಲ ಸಲ ಕರೆಸಿದ ವ್ಯಾನಿನಲ್ಲಿ ಕುರ್ಚಿಯನ್ನು ನೆಲಕ್ಕೆ ಬಿಗಿಯುವ ಪಟ್ಟಿಗಳಲ್ಲಿ ಹಿಂದಿನ ಎರಡನ್ನೇ ಕಟ್ಟಿದರು. ಅವಳಿಗೆ ಬೇರೆ ಬೆಲ್ಟೇ ಇಲ್ಲ, ಕುರ್ಚಿಯ ಎದೆಪಟ್ಟಿ ಅಷ್ಟೆ. ಒಂದು ಹಂಪ್ ಹಾರಿದ್ದೇ ತಡ, ಅವಳು ಜಾರಿ ಆ ಪಟ್ಟಿ ಗಲ್ಲದ ಕೆಳಗೆ ಬಂದಿತ್ತು. ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಆ ವೆಲ್ಕ್ರೋ ಪಟ್ಟಿ ನೆಟ್ಟಗೆ ಕೂರುವುದಕ್ಕೆ, ಅಪಘಾತ ತಡೆಯುವುದಕ್ಕಲ್ಲ.

ಎರಡನೇ ವ್ಯಾನಿನ ಡ್ರೈವರ್ ಅಣ್ಣ ಮಂಡಿಯೂರಿ ಕೂತು ಮುಂದೆ ಎರಡು, ಹಿಂದೆ ಎರಡು ಕೊಕ್ಕೆ ಹಾಕಿದರು. ಚಕ್ರಕ್ಕಲ್ಲ, ಕಾಲಿಡುವ ಹಲಗೆಗೂ ಅಲ್ಲ, ಕುರ್ಚಿಯ ಗಟ್ಟಿ ಚೌಕಟ್ಟಿಗೆ. ಮುಖ ಮುಂದಕ್ಕೆ. ಕುರ್ಚಿ ಹಿಡಿದು ಜೋರಾಗಿ ಅಲ್ಲಾಡಿಸಿದೆ, ಜಗ್ಗಲಿಲ್ಲ. ಊಟದ ಟ್ರೇ ಬಿಚ್ಚಿಟ್ಟರು. ಆಮೇಲೆ ವ್ಯಾನಿನದೇ ಬೆಲ್ಟ್ ಅವಳಿಗೆ: ಒಂದು ಭುಜದ ಮೇಲೆ, ಇನ್ನೊಂದು ಕೈಯಾನಿಕೆಯ ಒಳಗಿನಿಂದ ಬಂದು ಸೊಂಟದ ಮೂಳೆಗೆ ತಾಗಿ. ಹೊಟ್ಟೆ ಮೇಲೆ ಬರಬಾರದು. ಕುರ್ಚಿಯನ್ನು ಕಟ್ಟುವುದು ಬೇರೆ, ಮಗುವನ್ನು ಕಟ್ಟುವುದು ಬೇರೆ. ಎರಡೂ ಆಗಲೇಬೇಕು.

ಸದ್ಯಕ್ಕೆ ನನ್ನ ಆಯ್ಕೆ ಕಾರೇ. ಮಗುವನ್ನು ಎತ್ತಿ ಕೂರಿಸಲು ಆಗುವ ತನಕ ಸರಿಯಾದ ಕಾರ್ ಸೀಟೇ ಹೆಚ್ಚು ಭದ್ರ. ನಮ್ಮ ಹಳೇ ಮಡಚುವ ಕುರ್ಚಿಯಲ್ಲಿ ಪಟ್ಟಿ ಕಟ್ಟುವ ಜಾಗದ ಗುರುತೂ ಇಲ್ಲ. 18 ಕೆ.ಜಿ. ಹತ್ತಿರ ಬರುವಷ್ಟರಲ್ಲಿ ಐಎಸ್‌ಒ 7176-19 (ಮೇಲೆ ಹೇಳಿದ ಅಪಘಾತ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆ ಪಾಸಾದ, ಕೊಕ್ಕೆಯ ಗುರುತಿರುವ ಕುರ್ಚಿ ತರಬೇಕು. ಅದಕ್ಕೆ ಈಗಿನಿಂದಲೇ ದುಡ್ಡು ಕೂಡಿಡುತ್ತಿದ್ದೇವೆ.