ಹಳೆಯ ಗೊಂಬೆ ಕೌದಿಯನ್ನು ‘ಹೊಸದರ ಹಾಗೆ ಮಾಡಿಕೊಡ್ತೀವಿ’ ಅನ್ನುವವರ ಕೈಗೆ ಕೊಡಬೇಡಿ

ನಿಮ್ಮ ಮನೆಯಲ್ಲಿ ಹಿರಿಯರು ಕೈಯಲ್ಲಿ ಹೊಲಿದ ಹಳೆಯ ಕೌದಿ ಇದೆಯಾ? ಅದರಲ್ಲೂ ಗೊಂಬೆಗೆ ಹೊದಿಸಲು ಹೊಲಿದ ಪುಟ್ಟ ಕೌದಿ? ಅದನ್ನು ಸರಿ ಮಾಡಿಸಿ ಫ್ರೇಮ್ ಹಾಕಿಸಬೇಕು ಅಂದುಕೊಂಡಿದ್ದರೆ ಮೊದಲು ಇದನ್ನು ಓದಿ. ನಮ್ಮ ಮನೆಯದ್ದು ಹಾಳಾಗಿ ಹೋಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಅಲ್ಲಲ್ಲಿ ಖಾರವಾದರೆ ಸಹಿಸಿಕೊಳ್ಳಿ.

ಕೌದಿ ನಮ್ಮ ಅಜ್ಜಿಯದು. ಅಜ್ಜಿ ಚಿಕ್ಕವಳಿದ್ದಾಗ ಅವಳ ಗೊಂಬೆಗೆ ಅಂತ ಅವಳ ಅಮ್ಮ ಹೊಲಿದದ್ದು. ಬಿಡಿಸಿ ಹಾಸಿದರೆ ಎರಡು ಅಂಗೈಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೂರು ಸಾಲಿನಲ್ಲಿ ಮೂರು ಮೂರು ಚೌಕ ಸೇರಿಸಿ ಹೊಲಿಯುವ ಸಾದಾ ಮಾದರಿ. ಹೊಲಿಗೆ ಕಲಿಯುವ ಮಕ್ಕಳಿಗೆ ಸುಲಭ ಅಂತ ಮೊದಲು ಹೇಳಿಕೊಡುವ ಮಾದರಿಗಳಲ್ಲಿ ಇದೂ ಒಂದು. ಒಂದು ಚೌಕ ಯಾರದೋ ಅಂಗಿಯದು, ಇನ್ನೊಂದು ಹರಿದ ಫ್ರಾಕಿನದು, ಮತ್ತೊಂದು ಹಳೇ ಪರದೆಯದು. ಯಾವ ತುಂಡು ಯಾರ ಬಟ್ಟೆ ಅಂತ ಅಮ್ಮನಿಗೆ ಬಾಯಿಪಾಠ.

ಅದರ ಒಂದು ಅಂಚು ಮಾತ್ರ ಬೇರೆ ಥರ ಇತ್ತು. ಉಳಿದ ಕಡೆ ಹೊಲಿಗೆ ಸಣ್ಣ, ನೇರ, ಒಂದೇ ಅಳತೆ. ಆ ಅಂಚಿನಲ್ಲಿ ಉದ್ದುದ್ದ, ಸೊಟ್ಟ ಸೊಟ್ಟ. ಒಂದು ಕಡೆ ದಾರ ಗಂಟುಬಿದ್ದಿತ್ತು. ಅದು ಅಜ್ಜಿಯೇ ಹಾಕಿದ ಹೊಲಿಗೆ. ಅವಳ ಮೊದಲ ಹೊಲಿಗೆ. ಗೊಂಬೆ ಕೌದಿಗಳಲ್ಲಿ ಇಂಥದ್ದು ಆಗಾಗ ಸಿಗುತ್ತದೆ. ತಾಯಿ ಅರ್ಧ ಹೊಲಿದು, ಮಗಳಿಗೆ ಸೂಜಿ ಕೊಟ್ಟು, ‘ಈಗ ನೀನು ಹಾಕು’ ಅಂದಿರುತ್ತಾಳೆ. ಹಿಂಬದಿಯ ಬಟ್ಟೆಯ ಮೂಲೆಯಲ್ಲಿ ಮಸಿಯಿಂದ ಬರೆದ ಅಜ್ಜಿಯ ಹೆಸರಿನ ಮೊದಲ ಅಕ್ಷರವೂ ಇತ್ತು.

ಒಂದು ಮೂಲೆಯ ಹೊಲಿಗೆ ಬಿಟ್ಟುಕೊಂಡು ಒಳಗಿನ ಹತ್ತಿ ಇಣುಕುತ್ತಿತ್ತು. ಅದಿಷ್ಟನ್ನು ಹಿಡಿದು, ಗಾಜು ಹಾಕಿ ಫ್ರೇಮ್ ಮಾಡಿಸೋಣ ಅಂತ ಹಳೆಯ ಬಟ್ಟೆ ಸರಿ ಮಾಡಿಕೊಡುವ ಒಂದು ಅಂಗಡಿಗೆ ಕೊಟ್ಟೆವು. ಹೆಸರು ಹೇಳುವುದಿಲ್ಲ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ. ಒಗೆಯಬೇಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ‘ಆಯ್ತು ಮೇಡಂ, ಹಳೇ ಬಟ್ಟೆ ನಮಗೆ ಗೊತ್ತಿಲ್ವಾ’ ಅಂದರು. ರಸೀದಿಯಲ್ಲಿ ಬರೆದದ್ದು ‘ಹಳೆ ಬಟ್ಟೆ, 1’ ಅಂತ ಮಾತ್ರ.

ತರಲು ಹೋದಾಗ ಅವರ ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ! ‘ನೋಡಿ ಮೇಡಂ, ಹೊಸದರ ಹಾಗೆ ಆಗಿದೆ ಅಲ್ವಾ?’

ಆಗಿತ್ತು. ಅದೇ ಕಷ್ಟ.

ಕೆನೆ ಬಣ್ಣದ ಚೌಕಗಳು ನೀಲಿ ಹಾಕಿ ಒಗೆದ ಬಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಕೆಂಪು ಚೌಕಗಳ ಸುತ್ತ ಗುಲಾಬಿ ಬಣ್ಣ ಹರಡಿತ್ತು. ಕಂದು ಚೌಕಗಳಲ್ಲಿ ಬಟ್ಟೆಯೇ ಇರಲಿಲ್ಲ, ಬರೀ ಎಳೆಗಳು ಉಳಿದಿದ್ದವು. ಸೊಟ್ಟ ಹೊಲಿಗೆಯ ಅಂಚನ್ನು ಪೂರ್ತಿ ಬಿಚ್ಚಿ ಮಷಿನ್‌ನಲ್ಲಿ ನೇರವಾಗಿ ಹೊಡೆದಿದ್ದರು. ‘ಅದು ಯಾರೋ ಸರಿಯಾಗಿ ಹಾಕಿರಲಿಲ್ಲ, ಸರಿ ಮಾಡಿದ್ವಿ’ ಅಂದರು. ಹಿಂಬದಿಯ ಬಟ್ಟೆ ಹೊಸದು. ಹಳೆಯದು ಎಲ್ಲಿ ಅಂದರೆ, ಹರಿದಿತ್ತು, ಬಿಸಾಕಿದೆವು ಅಂತ ಉತ್ತರ. ಇದೆಲ್ಲ ಸಾಲದು ಅಂತ ಇಡೀ ಕೌದಿಯನ್ನು ರಟ್ಟಿಗೆ ಅಂಟು ಹಾಕಿ ಮೆತ್ತಿದ್ದರು.

ಅಮ್ಮ ಅಲ್ಲಿ ಏನೂ ಮಾತಾಡಲಿಲ್ಲ. ನಾನು ಅಮ್ಮನ ಪಾಲಿನದನ್ನೂ ಸೇರಿಸಿ ಮಾತಾಡಿದೆ.

ಆಮೇಲೆ ವಸ್ತುಸಂಗ್ರಹಾಲಯಗಳಿಗೆ ಹಳೆಯ ಬಟ್ಟೆ ಕಾಪಾಡಿಕೊಡುವ ಕೆಲಸ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚ್ ಬಿಟ್ಟರು. ಬಿಳಿ ಚೌಕಗಳು ನೀಲಿಯಾಗಿ ಹೊಳೆದವು. ಈಗಿನ ಬಹಳಷ್ಟು ಸೋಪಿನ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ಕೊಳೆ ತೆಗೆಯುವುದಿಲ್ಲ, ಎಳೆಗೆ ಅಂಟಿಕೊಂಡು ಬೆಳಕನ್ನು ನೀಲಿಯಾಗಿ ಹೊರಬಿಡುತ್ತದೆ, ಅಷ್ಟೇ. ನಮ್ಮ ಕೌದಿ ಹೊಲಿದ ಕಾಲದ ಬಟ್ಟೆಗೆ ಆ ಹೊಳಪು ಇರಲು ಸಾಧ್ಯವೇ ಇಲ್ಲ. ‘ಒಗೆದಿಲ್ಲ, ಬರೀ ಒರೆಸಿದ್ವಿ’ ಅಂತ ಅಂಗಡಿಯವರು ವಾದಿಸುತ್ತಿದ್ದರು. ಸುಳ್ಳು ಅಲ್ಲೇ ಬಯಲಾಯಿತು. ಅಂಚಿನ ಬಟ್ಟೆ ಮುಟ್ಟಿದರೆ ಹಿಸಿಯುತ್ತಿತ್ತು. ಬ್ಲೀಚ್ ಕೂಡ ಹಾಕಿರಬೇಕು ಅಂತ ಟಾರ್ಚ್ ಬಿಟ್ಟು ನೋಡಿದವರು ಅಂದರು. ಕ್ಲೋರಿನ್ ಬ್ಲೀಚ್ ಹತ್ತಿಯ ಎಳೆಯನ್ನು ಸಡಿಲ ಮಾಡುತ್ತದೆ. ರೇಷ್ಮೆ, ಉಣ್ಣೆಗಾದರೆ ಇನ್ನೂ ಕೇಡು. ಹಳದಿಯಾಗಿ, ಕರಗಿಯೇ ಹೋಗಬಹುದು.

ಕೆಂಪಿನ ಕಥೆ ಕೇಳಿ ನನಗೆ ಆಶ್ಚರ್ಯವಾಯಿತು. ಹಳೆಯ ಕೆಂಪೆಲ್ಲ ಒಂದೇ ಅಲ್ಲವಂತೆ. ಟರ್ಕಿ ರೆಡ್ ಅನ್ನುವ ಬಣ್ಣವನ್ನು ಹತ್ತಿಗೆ ಕಟ್ಟಲು ಎಣ್ಣೆ, ಪಟಿಕ ಎಲ್ಲ ಹಾಕಿ ಬಹಳ ಹಂತಗಳಲ್ಲಿ ಕೆಲಸ ಮಾಡುತ್ತಿದ್ದರು. ಅದು ಎಷ್ಟು ಒಗೆದರೂ ಬಣ್ಣ ಬಿಡುವುದು ಅಪರೂಪ. 1884ರಲ್ಲಿ ಕಾಂಗೋ ರೆಡ್ ಬಂತು. ಆ ಬಗೆಯ ಬಣ್ಣಕ್ಕೆ ಪಟಿಕ ಬೇಡ, ಏನೂ ಬೇಡ. ಬಿಸಿ ನೀರಿನಲ್ಲಿ ಕಲಸಿ ಹತ್ತಿ ಅದ್ದಿದರೆ ಸಾಕು, ಹಿಡಿಯುತ್ತದೆ. ಅಷ್ಟು ಸುಲಭವಾಗಿ ಹಿಡಿದದ್ದು ಅಷ್ಟೇ ಸುಲಭವಾಗಿ ಬಿಟ್ಟೂ ಬಿಡುತ್ತದೆ. ಚಿಂದಿ ಸೇರಿಸಿ ಹೊಲಿದ ಕೌದಿಯಲ್ಲಿ ಎರಡೂ ಬಗೆಯ ಕೆಂಪು ಅಕ್ಕಪಕ್ಕ ಇರಬಹುದು. ಒಂದು ಚೌಕ ಗಟ್ಟಿ ಅಂತ ಪಕ್ಕದ್ದನ್ನು ನಂಬುವ ಹಾಗಿಲ್ಲ.

ಕಂದು ಚೌಕಗಳು ಕರಗಿದ್ದಕ್ಕೂ ಕಾರಣ ಇದೆ. ಹಿಂದೆ ಕೆಲವು ಕಂದು, ಕಪ್ಪು ಬಣ್ಣಗಳನ್ನು ಕಬ್ಬಿಣದ ಉಪ್ಪು ಹಾಕಿ ಕಟ್ಟುತ್ತಿದ್ದರು. ಆ ಕಬ್ಬಿಣ ವರ್ಷಗಟ್ಟಲೆ ಒಳಗೊಳಗೇ ಬಟ್ಟೆಯನ್ನು ತಿನ್ನುತ್ತದೆ. ನೋಡಲು ಸರಿಯಾಗೇ ಇರುತ್ತದೆ. ನೀರಿಗೆ ಹಾಕಿ ಅಲುಗಿಸಿದ ತಕ್ಷಣ ಪುಡಿ. ಹಳೆಯ ಕೌದಿಯಲ್ಲಿ ಕಂದು ತುಂಡು ಮಾತ್ರ ಜೀರ್ಣವಾಗಿ, ಪಕ್ಕದ್ದೆಲ್ಲ ಗಟ್ಟಿ ಇದ್ದರೆ ಕಬ್ಬಿಣದ ಮೇಲೆ ಅನುಮಾನ ಪಡಬಹುದು. ಅಂಥದ್ದನ್ನು ನೀರಿಗೆ ತೋರಿಸಲೇಬೇಡಿ.

ಅಂಟಿನ ಬಗ್ಗೆ ಅವರು ಸುಮ್ನೆ ತಲೆ ಅಲ್ಲಾಡಿಸಿದರು. ಅಂಟು ಎಳೆಗಳ ಒಳಗೆ ಇಳಿದು ಗಟ್ಟಿಯಾಗುತ್ತದೆ, ಕಾಲ ಹೋದಂತೆ ಹಳದಿಯಾಗುತ್ತದೆ. ಬಿಡಿಸಲು ಹೋದರೆ ಬಟ್ಟೆಯೂ ಬರುತ್ತದೆ. ಸರಿಯಾದ ಕ್ರಮ ಬೇರೆ. ಆಮ್ಲವಿಲ್ಲದ ಹಲಗೆಗೆ ತೊಳೆದ ಹತ್ತಿ ಬಟ್ಟೆ ಹೊದಿಸಿ, ಕೌದಿಯನ್ನು ಆ ಬಟ್ಟೆಗೆ ಸಣ್ಣ ಹೊಲಿಗೆಯಲ್ಲಿ ಹಿಡಿಸುತ್ತಾರೆ. ಗಾಜು ಬಟ್ಟೆಗೆ ತಾಗದಂತೆ ನಡುವೆ ಜಾಗ ಬಿಡುತ್ತಾರೆ. ಬೇಡವೆನಿಸಿದ ದಿನ ಹೊಲಿಗೆ ಕತ್ತರಿಸಿದರೆ ಕೌದಿ ಬಿಡುಗಡೆ. ಮಾಡಿದ್ದನ್ನು ಮುಂದೆ ಬಿಚ್ಚಲು ಬರುವಂತೆ ಮಾಡುವುದು ಆ ವೃತ್ತಿಯ ದೊಡ್ಡ ನಿಯಮವಂತೆ. ನಮಗೆ ಸಿಕ್ಕ ಅಂಗಡಿಯವರು ಒಂದನ್ನೂ ಬಿಚ್ಚಲು ಬರುವಂತೆ ಮಾಡಿರಲಿಲ್ಲ, ಬಿಚ್ಚಬಾರದ್ದನ್ನೆಲ್ಲ ಬಿಚ್ಚಿದ್ದರು.

ಹಾಗಾಗಿ ಯಾರಿಗಾದರೂ ಕೊಡುವ ಮೊದಲು ಮಾತಾಡಿಸಿ ನೋಡಿ. ಬಟ್ಟೆ ಮುಟ್ಟುವ ಮುಂಚೆಯೇ ‘ಫಳಫಳ ಮಾಡಿಕೊಡ್ತೀವಿ’ ಅಂದರೆ ಎದ್ದು ಬನ್ನಿ. ಕೆಲಸ ಗೊತ್ತಿದ್ದವರು ಮೊದಲು ಪ್ರಶ್ನೆ ಕೇಳುತ್ತಾರೆ. ಯಾವ ಕಾಲದ್ದು, ಯಾರು ಹೊಲಿದದ್ದು, ಯಾವ ಕಲೆ ಉಳಿಯಬೇಕು ಅಂತ. ಹೌದು, ಕಲೆ ಉಳಿಯಬೇಕಾ ಅಂತಲೂ ಕೇಳುತ್ತಾರೆ! ಪ್ರತಿ ಬಣ್ಣದ ತುಂಡಿಗೂ, ಪ್ರತಿ ಬಣ್ಣದ ದಾರಕ್ಕೂ ಒದ್ದೆ ಮಾಡಿದ ಬಿಳಿ ಹತ್ತಿ ಒತ್ತಿ ನೋಡುತ್ತಾರೆ. ಹತ್ತಿಗೆ ಚೂರು ಬಣ್ಣ ಹತ್ತಿದರೂ ನೀರಿನ ಮಾತೇ ಇಲ್ಲ. ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಅಂತ ಬರೆದು ಕೊಡುತ್ತಾರೆ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ, ಕೌದಿ ವಾಪಸ್ ಚೀಲಕ್ಕೆ. ತೆಗೆದ ಪ್ರತಿ ಚೂರು, ದಾರದ ತುಣುಕು ಕೂಡ, ನಮಗೇ ವಾಪಸ್ ಕೊಡಬೇಕು ಅನ್ನುವ ಸಾಲನ್ನು ಮರೆಯದೆ ಸೇರಿಸಿ.

ಫೋಟೊ ತೆಗೆದಿಡಿ. ಮುಂದೆ, ಹಿಂದೆ, ಅಂಚು, ಕಲೆ, ಅಕ್ಷರ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ‘ಮೊದಲೇ ಹೀಗಿತ್ತು’ ಅನ್ನುವುದು ಇಂಥ ಅಂಗಡಿಗಳ ಮೊದಲ ಮಾತು. ನಮ್ಮ ಹತ್ತಿರ ಫೋಟೊ ಇದ್ದುದರಿಂದ ಆ ಮಾತು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕೂಲಿ ಹಣ ವಾಪಸ್ ಕೊಟ್ಟರು. ಅದನ್ನು ಪರಿಹಾರ ಅಂತ ಕರೆದರು, ಪಾಪ. ಅದೇ ಥರದ ಬಟ್ಟೆ ತಂದು ‘ಇನ್ನೊಂದು ಹೊಲಿದು ಕೊಡ್ತೀವಿ’ ಅಂದಾಗ ಮಾತ್ರ ನನ್ನ ತಾಳ್ಮೆ ಮುಗಿಯಿತು.

ಇನ್ನು, ಫ್ರೇಮ್ ಬೇಕೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಬೆಳಕಿನಿಂದ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ. ಕಿಟಕಿ ಪಕ್ಕದ ಗೋಡೆಯ ಮೇಲೆ ಹಗಲಲ್ಲಿ ಇದರ ಎಷ್ಟೋ ಪಟ್ಟು ಬೆಳಕು ಬೀಳುತ್ತದೆ. ದೊಡ್ಡ ಕೌದಿಯನ್ನು ಮನೆಗಳಲ್ಲಿ ಸಾಮಾನ್ಯವಾಗಿ ಮಡಚಿಡುತ್ತೇವೆ, ಮಡಿಕೆಯಲ್ಲೇ ಹರಿಯುತ್ತದೆ. ಗೊಂಬೆ ಕೌದಿಗೆ ಆ ಕಷ್ಟ ಇಲ್ಲ. ಆಮ್ಲವಿಲ್ಲದ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಹಾಗೇ ಚಪ್ಪಟೆಯಾಗಿ ಮಲಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ತೇವ ಕಟ್ಟುತ್ತದೆ. ಬರೀ ಮರದ ಮೇಲೂ ಇಡಬೇಡಿ, ಮರದ ಆಮ್ಲ ಬಟ್ಟೆಗೆ ಹಳದಿ ಕಲೆ ಮಾಡುತ್ತದೆ. ಯಾವ ತುಂಡು ಯಾರದ್ದು ಅನ್ನುವುದನ್ನು ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಬರೆದು ಜೊತೆಗಿಡಿ. ಕೌದಿಗೆ ಅಂಟಿಸಬೇಡಿ, ಪಿನ್ ಚುಚ್ಚಬೇಡಿ.

ಈಗಾಗಲೇ ಯಾರಿಗೋ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ, ಕೆಲಸ ನಿಲ್ಲಿಸಲು ಹೇಳಿ. ಒಗೆದು ಬಣ್ಣ ಬಿಟ್ಟಿದೆ, ಇನ್ನೂ ಒದ್ದೆಯಾಗಿದೆ ಅಂದರೆ ಒಣಗಲು ಬಿಡಬೇಡಿ, ಬಿಸಿಲು, ಇಸ್ತ್ರಿ ತಾಗಿಸಲೇಬೇಡಿ. ಒಣಗಿದರೆ ಬಿಟ್ಟ ಬಣ್ಣ ಅಲ್ಲೇ ಕೂತುಬಿಡುತ್ತದೆ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹತ್ತಿಯಲ್ಲಿ ಬಿಡುತ್ತಿರುವ ಬಣ್ಣವನ್ನು ಅವು ನಿಲ್ಲಿಸುವುದಿಲ್ಲ. ಒದ್ದೆ ಕೌದಿಯನ್ನು ಮೂಲೆ ಹಿಡಿದು ಎತ್ತಬೇಡಿ. ನೀರು ಕುಡಿದ ಹತ್ತಿಯ ಭಾರಕ್ಕೆ ಹಳೆಯ ದಾರ ತಡೆಯುವುದಿಲ್ಲ. ಕೆಳಗೆ ಒಂದು ಜಾಲರಿ ಬಟ್ಟೆ ತೂರಿಸಿ, ಹಾಸಿದ ಹಾಗೇ ಎತ್ತಿ, ಬಟ್ಟೆ ಕಾಪಾಡುವವರಿಗೆ ತಕ್ಷಣ ಕರೆ ಮಾಡಿ. ಒಣಗಿಹೋಗಿದ್ದರೆ ಮನೆಯಲ್ಲಿ ಮತ್ತೆ ಒಗೆಯಲು ಹೋಗದೆ, ಇದ್ದ ಹಾಗೇ ಅವರ ಬಳಿ ಒಯ್ಯಿರಿ.